ದೊಡ್ಡಪ್ಪನ ಮುಖಕ್ಕೆ ಮೆತ್ತಿದ ಪುಟ್ಟಿ

ಪುಟ್ಟಿಯ ವಾಸನೆ ನಿಮಗೆ ಗೊತ್ತಿರಬೇಕು. ಕಾರು ಎಲ್ಲಾದರೂ ಗುದ್ದಿ ತಗಡು ನೆಗ್ಗಿದಾಗ ಟಿಂಕರಿಂಗ್ ಶೆಡ್ಡಿನವರು ಆ ತಗ್ಗಿಗೆ ಮೆತ್ತುತ್ತಾರಲ್ಲ, ಆ ಬೂದು ಬಣ್ಣದ ಲೇಪ. ಅದಕ್ಕೆ ಹಾರ್ಡನರ್ ಸೇರಿಸಿ ಕಲಸಿದರೆ ಸಾಕು, ಮಾಗಿದ ಹಣ್ಣನ್ನು ಸೀಮೆಎಣ್ಣೆಯಲ್ಲಿ ಅದ್ದಿದಂಥ ಒಂದು ವಾಸನೆ ನೇರ ಹಣೆಗೆ ಹೋಗಿ ಕೂರುತ್ತದೆ. ಮೊನ್ನೆ ಕೂಡ್ಲಿಗಿಯಲ್ಲಿ, ಹೈವೇ ಪಕ್ಕದ ಮಂಜನ ಶೆಡ್ಡಿನಲ್ಲಿ, ನನ್ನ ಕಾರಿನ ಬಾಗಿಲಿಗೆ ಪುಟ್ಟಿ ಹಚ್ಚಿಸಲು ಕೂತಿದ್ದೆ. ಕಾರು ತನ್ನ ಪಾಡಿಗೆ ನಿಂತಿತ್ತು, ಗೇಟಿನ ಕಂಬ ಬಂದು ಗುದ್ದಿತು. ಹೆಂಡತಿಗೆ ಹಾಗೇ ಹೇಳಿದ್ದೇನೆ. ಈಗ ನನಗೂ ಹಾಗೇ ನೆನಪಿದೆ.

ಮಂಜ ಪುಟ್ಟಿ ಕಲಸಿದ. ನನಗೆ ದೊಡ್ಡಪ್ಪನ ಮೂಗು ನೆನಪಾಯಿತು.

ಒಂದು ವಾಸನೆ ಬಂದರೆ ಹಳೆಯದೆಲ್ಲ ಇದ್ದದ್ದು ಇದ್ದ ಹಾಗೆ ಎದ್ದು ಬರುತ್ತದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ವಾಸನೆಯಿಂದ ಬರುವುದು ತಲೆನೋವು. ಮಿಕ್ಕಿದ್ದನ್ನು ನಾವು ಸೇರಿಸುತ್ತೇವೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ತಗಡು ಎಷ್ಟು, ಪುಟ್ಟಿ ಎಷ್ಟು ಎಂಬುದನ್ನು ನೀವೇ ಬೆರಳಲ್ಲಿ ತಟ್ಟಿ ನೋಡಿಕೊಳ್ಳಿ. ತಗಡು ಠಣ್ ಅನ್ನುತ್ತದೆ. ಪುಟ್ಟಿ ದಬ್ ಅನ್ನುತ್ತದೆ.

ದೊಡ್ಡಪ್ಪ ಅಂದರೆ ಕೊಟ್ರಪ್ಪ, ಈ ಮಂಜನ ಅಪ್ಪ, ನಮ್ಮ ಊರ ಬಯಲಾಟದ ದುರ್ಯೋಧನ. ನಮ್ಮದು ಕೊಟ್ಟೂರಿಂದ ಕೂಡ್ಲಿಗಿಗೆ ಬರುವ ದಾರಿಯಲ್ಲಿ ಬಸ್ಸು ನಿಂತರೆ ನಿಂತೀತು ಅನ್ನುವಂಥ ಊರು. ಅಲ್ಲಿ ಆಟದ ಪಾರ್ಟು ಎಂದರೆ ಹೊಲ ಇದ್ದ ಹಾಗೆ. ಅಪ್ಪನಿಂದ ಮಗನಿಗೆ ಬರುತ್ತದೆ. ಒಂದು ವರ್ಷ ಬೀಳು ಬಿಟ್ಟರೆ ಪಕ್ಕದವನು ಬದು ಒತ್ತುತ್ತಾನೆ. ನಮ್ಮ ಅಜ್ಜನೂ ದುರ್ಯೋಧನ. ಭೀಮನ ಮನೆಯಿಂದ ನಾವು ಹೆಣ್ಣು ತಂದಿದ್ದೇವೆ, ಆದರೂ ತಾಲೀಮು ಶುರುವಾದ ಮೇಲೆ ಬೀಗರು ಎದುರಿಗೆ ಸಿಕ್ಕರೆ ಕೆಮ್ಮಿ ಮುಂದೆ ಹೋಗುತ್ತಾರೆ.

ಒಂದು ಬೆಳಿಗ್ಗೆ ದೊಡ್ಡಪ್ಪ ಬಾಯಿ ಮುಕ್ಕಳಿಸಲು ತುಂಬಿಕೊಂಡ ನೀರು ತುಟಿಯ ಒಂದು ಮೂಲೆಯಿಂದ ತಾನಾಗಿ ಸುರಿದುಹೋಯಿತು. ಆ ಕಡೆಯ ಕಣ್ಣು ಮುಚ್ಚಲಿಲ್ಲ. ಬಾಯಿ ಸೊಟ್ಟ. ಮುಖಕ್ಕೆ ಲಕ್ವ ಹೊಡೆಯಿತು ಎಂದು ಊರು ಹೇಳಿತು. ಮಂಜ ದಾವಣಗೆರೆಗೆ ಕರೆದುಕೊಂಡು ಹೋದ. ಮುಖದ ಒಂದು ನರಕ್ಕೆ ಬಾವು ಬಂದಿದೆ, ಕೈಕಾಲು ಗಟ್ಟಿ ಇವೆ, ಗುಳಿಗೆ ನುಂಗಿ, ಬಲೂನು ಊದಿ, ಚೂಯಿಂಗ್ ಗಮ್ ಅಗಿಯಿರಿ, ಕನ್ನಡಿ ಮುಂದೆ ಕೂತು ಕೆನ್ನೆ ಉಬ್ಬಿಸಿ, ನಿಧಾನಕ್ಕೆ ಸರಿಹೋಗುತ್ತದೆ ಎಂದರು ಡಾಕ್ಟರು. ದುರ್ಯೋಧನನ ಪಡಸಾಲೆಯಲ್ಲಿ ಕೆಂಪು, ಹಳದಿ ಬಲೂನುಗಳು ಉರುಳಾಡತೊಡಗಿದವು. ಯಾರದ್ದೋ ಹುಟ್ಟುಹಬ್ಬ ಮುಗಿದ ಮನೆಯ ಹಾಗೆ ಕಾಣುತ್ತಿತ್ತು. ನಡುವೆ ಒಬ್ಬ ಮೀಸೆಯ ಗಂಡಸು ಸಿಟ್ಟಿನಿಂದ ಗಮ್ ಅಗಿಯುತ್ತಿದ್ದ.

ಅಷ್ಟೇ ಆಗಿದ್ದರೆ ನಗಬಹುದಿತ್ತು. ದೊಡ್ಡಪ್ಪ ಮುಖಕ್ಕೆ ಟವೆಲ್ ಸುತ್ತಿಕೊಂಡವನು ಬಿಚ್ಚಲೇ ಇಲ್ಲ. ಹೊಲಕ್ಕೆ ಹೋಗುವುದನ್ನು ಬಿಟ್ಟ, ಚಹಾದಂಗಡಿ ಬಿಟ್ಟ. ಬಂದವರ ಜೊತೆ ಬಾಗಿಲ ಹಿಂದೆ ನಿಂತು ಮಾತಾಡಿದ. ಅದೇ ಹೊತ್ತಿಗೆ ಹಡಗಲಿಯಲ್ಲಿ ನಡೆಯುವ ಒಂದು ಜನಪದ ಮೇಳಕ್ಕೆ ನಮ್ಮ ಊರ ಆಟಕ್ಕೆ ಕರೆ ಬಂತು. ಇಡೀ ರಾತ್ರಿ ಆಡುವ ಆಟವನ್ನು ಸ್ವಾಗತ ಭಾಷಣ ಮುಗಿದ ಮೇಲೆ, ಮಧ್ಯಾಹ್ನದ ಊಟಕ್ಕೆ ಮೊದಲು ಆಡಿ ಮುಗಿಸಬೇಕಂತೆ. ತಾಲೀಮು ಶುರುವಾಯಿತು. ದುರ್ಯೋಧನ ಬರಲಿಲ್ಲ. ಗೊಬ್ಬರದ ಅಂಗಡಿಯ ನಾಗಣ್ಣ ಮೀಸೆ ಬಿಡತೊಡಗಿದ. ನಮ್ಮ ಊರಲ್ಲಿ ಪಾರ್ಟು ಕೇಳಲು ಇದಕ್ಕಿಂತ ಸ್ಪಷ್ಟವಾದ ಅರ್ಜಿ ಇನ್ನೊಂದಿಲ್ಲ.

ಪಾರ್ಟು ಹೋದರೆ ದೊಡ್ಡಪ್ಪ ಮತ್ತೆ ಹೊಸ್ತಿಲು ದಾಟುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಗ ಮಂಜ ನನ್ನನ್ನು ಪಕ್ಕಕ್ಕೆ ಕರೆದು, ಮುಖವಾಡ ಮಾಡಿದರೆ ಹೇಗೆ ಎಂದ. ರಾಜನ ಮುಖವಾಡ ಎಂದು ನಾನು ತಿಳಿದೆ. ಮಾಸ್ತರಿಕೆಯ ಚಟ, ಕೂತಲ್ಲೇ ಮುಖವಾಡ ಮತ್ತು ಅಸ್ಮಿತೆ ಎಂಬ ವಿಷಯದ ಮೇಲೆ ಒಂದಿಷ್ಟು ಮಾತಾಡಿದೆ. ಒಳಗಿಂದ ಕೇಳಿಸಿಕೊಂಡ ದೊಡ್ಡಪ್ಪ ಟವೆಲ್ಲಿನೊಳಗಿಂದಲೇ ತಡೆದ.

"ನನ್ನ ಮುಖ ಕಾಣಲಿಲ್ಲಂದ್ರ ಪಾರ್ಟು ಯಾಕಲೇ ಮಾಡ್ಬೇಕು? ಜನ ದುರ್ಯೋಧನನ್ನ ನೋಡಾಕ ಬರ್ತಾರೇನು? ಕೊಟ್ರಪ್ಪನ್ನ ನೋಡಾಕ ಬರ್ತಾರ."

"ಅದನ್ನ ಹೇಳಾಕತ್ತೀನಪ್ಪ," ಎಂದ ಮಂಜ. "ನಿನ್ನ ಮುಖಾನ ಮಾಡ್ತೀನಿ. ಮೊದ್ಲಿಂದು."

ಹೀಗೆ ಒಬ್ಬ ಮನುಷ್ಯನಿಗೆ ಅವನದೇ ಮುಖದ ಮುಖವಾಡ ಮಾಡುವುದೆಂದು ತೀರ್ಮಾನವಾಯಿತು. ಇದರಲ್ಲಿ ವಿಚಿತ್ರ ಏನಾದರೂ ಇದೆ ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ಮಂಜ ಕೆಲಸವನ್ನು ಫೋನಿನ ವಿಡಿಯೋ ನೋಡಿ ಕಲಿತಿದ್ದ. ಯಾವುದೋ ದೇಶದಲ್ಲಿ ವೇಷ ಹಾಕುವ ಹುಚ್ಚಿನವನೊಬ್ಬ ಗಂಡಸಿನ ಮುಖವೊಂದನ್ನು ಚೂರುಚೂರಾಗಿ ಬಿಡಿಸಿ, ಹಾಳೆಯ ಮೇಲೆ ನಕ್ಷೆ ಮಾಡಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಲಗ್ನಪತ್ರಿಕೆಯ ದಪ್ಪ ಹಾಳೆಗಳ ಮೇಲೆ ತೆಗೆಸಿದೆವು. ಅಂಗಡಿಯವನು ಹಾಳೆಗಳನ್ನು ತಿರುವಿ ನೋಡಿ, ಯಾವ ಸರ್ವೆ ನಂಬರು, ಪೋಡಿ ಮಾಡಿಸಿ ಹೊಲ ಪಾಲು ಹಾಕಬೇಕೇ ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ. ಗದ್ದ ಒಂದು ಹಾಳೆಯಲ್ಲಿ, ಕೆನ್ನೆ ಎರಡು ಹಾಳೆಯಲ್ಲಿ, ಮೂಗು ತುಂಡುತುಂಡಾಗಿ ಹಂಚಿಹೋಗಿತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ.

ಗೆರೆಯ ಮೇಲೆ ಕತ್ತರಿಸಿ, ಚುಕ್ಕೆಯ ಮೇಲೆ ಮಡಿಸಿ, ಅಂಚಿನ ನಂಬರಿಗೆ ಅದೇ ನಂಬರಿನ ಅಂಚನ್ನು ಅಂಟಿಸುತ್ತ ಹೋದರೆ ಕಾಗದದ ಮುಖ ಎದ್ದು ನಿಲ್ಲುತ್ತದೆ, ಮೂಲೆ ಮೂಲೆಯಾಗಿ, ಒಡೆದ ಬಂಡೆಯ ಹಾಗೆ. ಆಮೇಲೆ ಅದಕ್ಕೆ ರೆಸಿನ್ ಎಂಬ ಅಂಟುದ್ರವ ಬಳಿದು ಗಟ್ಟಿ ಮಾಡಬೇಕು. ಒಳಗಡೆ ಫೈಬರ್ ಬಟ್ಟೆಯ ಚೂರು ಹಾಸಿ ಮತ್ತೆ ರೆಸಿನ್. ಒಣಗಿದ ಮೇಲೆ ಹೊರಗಡೆ ಪುಟ್ಟಿ ಹಚ್ಚಿ, ಎಮ್ರಿ ಪೇಪರಿನಿಂದ ಉಜ್ಜಿ, ಮೂಲೆಗಳನ್ನು ದುಂಡಗೆ ಮಾಡಬೇಕು. ಕಾರಿಗೂ ಮುಖಕ್ಕೂ ಅಂಥ ವ್ಯತ್ಯಾಸವೇನಿಲ್ಲ ಎಂದು ಮಂಜ ಹೇಳುತ್ತಿದ್ದ. ತಲೆಯ ಅಳತೆ ತೆಗೆಯುವಾಗ ಮಾತ್ರ ದೊಡ್ಡಪ್ಪ ಟವೆಲ್ ಬಿಚ್ಚಲು ಒಪ್ಪಲಿಲ್ಲ. ಮಂಜ ಟವೆಲ್ಲಿನ ಮೇಲೇ ಅಳೆದ. ಮುಖ ಅಷ್ಟು ದೊಡ್ಡದಾಯಿತು. ದುರ್ಯೋಧನ ಅಲ್ಲವೇ, ಇರಲಿ ಎಂದೆವು.

ರೆಸಿನ್ ಕುಡಿದ ಕಾಗದ ಮೆತ್ತಗಾಗಿ ಎರಡು ಕೆನ್ನೆಗಳೂ ಒಳಕ್ಕೆ ಜಗ್ಗಿದ್ದವು. ತುಂಬಲು ಪುಟ್ಟಿ ಬೇಕು. ಎಷ್ಟು ತುಂಬಬೇಕು? ಕೆಲಸ ಅಲ್ಲಿಗೆ ಬಂದು ನಿಂತಿತು.

ಫೋಟೋ ನೋಡಿದರಾಯಿತು ಎನ್ನುತ್ತೀರಿ. ಗುರುತಿನ ಚೀಟಿಯ ಫೋಟೋದಲ್ಲಿ ದೊಡ್ಡಪ್ಪ ಆಗತಾನೇ ಸಿಕ್ಕಿಬಿದ್ದವನ ಹಾಗಿದ್ದಾನೆ. ಮದುವೆಯ ಫೋಟೋಕ್ಕೆ ಸ್ಟುಡಿಯೋದವನು ತುಟಿಗೆ ಬಣ್ಣ ತಿದ್ದಿ ಗಂಡು ಯಾರು, ಹೆಣ್ಣು ಯಾರು ತಿಳಿಯದ ಹಾಗೆ ಮಾಡಿದ್ದಾನೆ. ಆಟದ ಫೋಟೋಗಳಲ್ಲಿ ಪೂರ್ತಿ ಬಣ್ಣ. ಮಿಕ್ಕವುಗಳಲ್ಲಿ ಟವೆಲ್ಲಿನ ತುದಿ ಕಚ್ಚಿಕೊಂಡು ಪಕ್ಕಕ್ಕೆ ನೋಡುತ್ತಿದ್ದಾನೆ. ಆದ್ದರಿಂದ ನೆನಪನ್ನೇ ನಂಬಬೇಕಾಯಿತು. ಮುಖವಾಡವನ್ನು ಪಡಸಾಲೆಯ ನಡುವೆ ಒಂದು ಕೊಡದ ಮೇಲೆ ಕೂರಿಸಿ ಎಲ್ಲರೂ ಸುತ್ತ ಕೂತೆವು. ದೊಡ್ಡವ್ವ ಗಂಡನ ಮೂಗು ಇನ್ನೂ ನೆಟ್ಟಗಿತ್ತು ಎಂದಳು. ಮಂಜ ಪುಟ್ಟಿ ಹಚ್ಚಿದ. ನಮ್ಮಪ್ಪ ಅಣ್ಣನ ಹಣೆ ಅಗಲ ಎಂದ, ಮಂಜ ಉಜ್ಜಿದ. ಕಾಗದದ ಮೂಗು ಪರದೇಶದ್ದು, ಅದನ್ನು ನಮ್ಮ ಕಡೆಯದು ಮಾಡಲು ಅರ್ಧ ಡಬ್ಬಿ ಹೋಯಿತು. ಬಲಗೆನ್ನೆಯ ಮೇಲೆ ಒಂದು ಮಚ್ಚೆ ಇತ್ತೆಂದು ನಾನು ಹಟ ಹಿಡಿದು ಹಚ್ಚಿಸಿದೆ. ಆ ಮಚ್ಚೆ ನನ್ನ ಪ್ರೈಮರಿ ಶಾಲೆಯ ಹೆಡ್ಮಾಸ್ತರದ್ದು ಎಂದು ಬಹಳ ದಿನಗಳ ಮೇಲೆ ಹೊಳೆಯಿತು. ಕೇಳಲು ಯಾರಿಗೂ ನೆನಪಾಗದೆ ಉಳಿದವನು ದೊಡ್ಡಪ್ಪ ಒಬ್ಬನೇ. ಅವನು ಮೂಲೆಯಲ್ಲಿ ಟವೆಲ್ ಸುತ್ತಿಕೊಂಡು, ತನ್ನ ಮುಖ ಬಹುಮತದಿಂದ ಪಾಸಾಗುವುದನ್ನು ನೋಡುತ್ತಿದ್ದ.

ಬಣ್ಣ ಆಗಿ ಮೀಸೆ ಅಂಟಿಸಿದ ಮೇಲೆ, ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು. ಇಂಥ ದೊಡ್ಡಪ್ಪನಿಗೆ ಯಾರು ಬೇಕಾದರೂ ವೋಟು ಹಾಕುತ್ತಿದ್ದರು. ನೆಟ್ಟನೆ ಮೂಗು, ನೆಟ್ಟನೆ ಬಾಯಿ. ಹಾಕಿಕೊಂಡು ಮಾತಾಡಿದರೆ ದನಿ ಮಾತ್ರ ನೆಲದಡಿ ಕಾಳು ತುಂಬುವ ಹಗೇವಿನೊಳಗೆ ಬಿದ್ದವನು ಕೂಗಿದ ಹಾಗೆ ಬರುತ್ತಿತ್ತು.

ಇಷ್ಟರಲ್ಲಿ ಬಲೂನುಗಳು ತಮ್ಮ ಕೆಲಸ ಮಾಡಿದ್ದವು. ನೀರು ಬಾಯಲ್ಲಿ ನಿಲ್ಲುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. ಡಾಕ್ಟರು ಇನ್ನು ಬರುವುದು ಬೇಡ ಎಂದರು. ದೊಡ್ಡಪ್ಪ ಒಪ್ಪಲಿಲ್ಲ. ಕನ್ನಡಿ ನೋಡಿಕೊಂಡು ಮಾಡಬೇಕಾದ ಕಸರತ್ತನ್ನು ಅವನು ಈಗ ಗೂಟಕ್ಕೆ ತೂಗುಹಾಕಿದ ಮುಖವಾಡ ನೋಡಿಕೊಂಡು ಮಾಡುತ್ತಿದ್ದ. ಟವೆಲ್ ಸರಿಸಿ, "ಬಂತೇನು?" ಎಂದು ಕೇಳುತ್ತಿದ್ದ. ನಾವು ಗೂಟದ ಕಡೆ ಒಮ್ಮೆ, ಅವನ ಕಡೆ ಒಮ್ಮೆ ನೋಡಿ ಲೊಚಗುಟ್ಟುತ್ತಿದ್ದೆವು. ಮೂಗು ಇನ್ನೂ ಬಂದಿರಲಿಲ್ಲ. ಮೂಗಿಗೆ ಲಕ್ವ ಹೊಡೆದೇ ಇರಲಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ. ಬಾಯಿ ಒಂದು ಕೂದಲೆಳೆ ಸೊಟ್ಟ ಉಳಿದಿತ್ತು. ಟವೆಲ್ ಮತ್ತೆ ಮೇಲೇರುತ್ತಿತ್ತು. ನಾಗಣ್ಣನ ಮೀಸೆ ಈಗ ತಿರುವುವಷ್ಟು ಬೆಳೆದಿತ್ತು.

ಆ ವಾರ ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಅತ್ತೆ ಬಂದಳು. ದೊಡ್ಡಪ್ಪನ ಅಕ್ಕ. ಹರಪನಹಳ್ಳಿ ಬಸ್ಸಿನಲ್ಲಿ ಸೀಟಿಗಾಗಿ ಜಗಳ ಮಾಡಿ ಗೆದ್ದ ಹುರುಪು ಇನ್ನೂ ಮುಖದ ಮೇಲಿತ್ತು. ಚೀಲ ಇಳಿಸಿ, ಗೂಟದ ಕಡೆ ನೋಡಿ, ಅದು ಯಾರು ಎಂದು ಕೇಳಿದಳು. ನಾವು ಹೇಳಿದೆವು. ನಮ್ಮ ಮನೆತನದಲ್ಲಿ ಇಷ್ಟು ಚೆಂದದವರು ಯಾರೂ ಹುಟ್ಟಿಲ್ಲ ಎಂದಳು. ಆಮೇಲೆ ನೆಟ್ಟಗೆ ಹೋಗಿ ತಮ್ಮನ ಟವೆಲ್ಲನ್ನು ಎಳೆದುಬಿಟ್ಟಳು.

"ಏನಾಗೈತಿ ನಿನಗ?"

"ಬಾಯಿ ಸೊಟ್ಟ ಐತಲ್ಲಕ್ಕ. ಇನ್ನೂ ನೆಟ್ಟಗಾಗವಲ್ದು."

"ಯಾವತ್ತ ನೆಟ್ಟಗಿತ್ತದು?"

ಅತ್ತೆ ಅವನ ಗದ್ದ ಹಿಡಿದು, ಸಂತೆಯಲ್ಲಿ ಕುರಿ ನೋಡುವ ಹಾಗೆ ಬೆಳಕಿಗೆ ತಿರುಗಿಸಿದಳು.

"ಹುಟ್ಟಿದಾಗಿಂದ ಹಿಂಗ ಐತಿ. ನಾನು ಅಣಕಿಸಿದ್ರ ಅಪ್ಪ ನನಗ ಬಡಿತಿದ್ದ, ಮರ್ತೇನು? ನಕ್ರ ಒಂದು ಕಡಿ ನಗ್ತಿದ್ದಿ, ಇನ್ನೊಂದು ಕಡಿ ನಮಗೇನು ಸಂಬಂಧ ಅಂತ ಸುಮ್ನಿರ್ತಿತ್ತು. ಲಕ್ವ ಅಂತ ಲಕ್ವ."

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಒಂದೇ ಗಳಿಗೆಯಲ್ಲಿ ಎಲ್ಲರಿಗೂ ನೆನಪಾಯಿತು. ದೊಡ್ಡವ್ವ, ಹೌದು, ಲಗ್ನದ ದಿನವೇ ನೋಡಿದ್ದೆ ಎಂದಳು. ನಮ್ಮಪ್ಪ, ಅದಕ್ಕೇ ಅಲ್ಲವೇ ಇವನು ಫೋಟೋದಲ್ಲಿ ಟವೆಲ್ ಕಚ್ಚುವುದು ಎಂದ. ನನಗಂತೂ ಆ ಸೊಟ್ಟ ನಗು ಬಾಲ್ಯದ ಒಂದು ಸಂಜೆಯ ಸಮೇತ ನೆನಪಾಯಿತು. ಆ ಸಂಜೆಯಲ್ಲಿ ಒಂದು ಬೇವಿನ ಮರವೂ ಇತ್ತು.

ದೊಡ್ಡಪ್ಪ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ನಕ್ಕ. ಒಂದು ಕಡೆ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿ ಚಹಾದಂಗಡಿಗೆ ಹೋದ. ಯಾರೋ ಮುಖ ನೋಡಿ ಏನೋ ಕೇಳಿದರಂತೆ, "ಹುಟ್ಟಾ ಹಿಂಗ ಅದೀನಿ, ಇಷ್ಟು ದಿನ ಏನ್ ನೋಡ್ತಿದ್ರಿ?" ಎಂದನಂತೆ. ಮರುದಿನ ನಾಗಣ್ಣ ಮೀಸೆ ಬೋಳಿಸಿಕೊಂಡ.

ಹಡಗಲಿಯಲ್ಲಿ ದೊಡ್ಡಪ್ಪ ಸ್ವಂತ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕುಣಿದ. ಆ ಸೊಟ್ಟ ನಗುವಿಗೇ ಚಪ್ಪಾಳೆ ಬಿತ್ತು ಎಂದು ಊರಲ್ಲಿ ಈಗ ಹೇಳುತ್ತಾರೆ. ನಾನು ಅಲ್ಲೇ ಇದ್ದೆ. ಭೀಮ ಗದೆ ಎತ್ತುವ ಹೊತ್ತಿಗೆ ನಿರೂಪಕಿ ಮೈಕು ಹಿಡಿದು ಊಟದ ವ್ಯವಸ್ಥೆ ಯಾವ ಕಡೆ ಎಂದು ಹೇಳಿದಳು. ಚಪ್ಪಾಳೆ ಬಿದ್ದದ್ದು ಆಗ. ದುರ್ಯೋಧನ ಆ ದಿನ ಸಾಯಲಿಲ್ಲ; ಭೀಮನ ಜೊತೆ ಸಾಲಿನಲ್ಲಿ ನಿಂತು ಗೋಧಿ ಪಾಯಸ ತಿಂದ.

ಮುಂದೊಮ್ಮೆ ಅರಸೀಕೆರೆಗೆ ಹೋದಾಗ, ದೊಡ್ಡಪ್ಪನ ಬಾಯಿ ಖರೇ ಹಾಗಿತ್ತೇ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಮೆಕ್ಕೆಜೋಳ ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಯಾರಿಗೆ ನೆನಪೈತಿ ಬಿಡಪ. ಹೊರಗ ಬಂದ್ನೋ ಇಲ್ಲೋ?"

ಆ ಮುಖವಾಡ ಈಗ ಮಂಜನ ಶೆಡ್ಡಿನ ಬಾಗಿಲ ಮೇಲೆ ದೃಷ್ಟಿಬೊಂಬೆಯಾಗಿ ತೂಗುತ್ತಿದೆ. ಬಿಸಿಲಿಗೆ ಬಣ್ಣ ಹಳದಿಗೆ ತಿರುಗಿದೆ. ಮೊನ್ನೆ ತಲೆ ಎತ್ತಿ ನೋಡಿದೆ: ಬಾಯಿಯ ಒಂದು ಮೂಲೆಯಲ್ಲಿ ಪುಟ್ಟಿ ಬಿರುಕುಬಿಟ್ಟು ಉದುರಿ ತುಟಿ ಸೊಟ್ಟಗಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅದು ದೊಡ್ಡಪ್ಪನ ಹಾಗೆ ಕಾಣುತ್ತಿತ್ತು. ಮಂಜನೂ ನೋಡಿದ. ನನ್ನ ಬಾಗಿಲಿಗೆ ಕಲಸಿದ ಪುಟ್ಟಿಯಲ್ಲೇ ಚೂರು ತೆಗೆದು ಸ್ಟೂಲು ಹತ್ತಿದ.

"ಬ್ಯಾಡ, ಹಂಗ ಇರ್ಲಿ," ಎಂದೆ.

"ಈ ಕಡಿ ಅಲ್ಲಣ್ಣ, ಅಪ್ಪಂದು ಆ ಕಡಿ ಸೊಟ್ಟ."

ಇದೇ ಕಡೆ ಎಂದೆ ನಾನು. ಮಂಜ ಸ್ಟೂಲಿನ ಮೇಲಿಂದಲೇ ಮನೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೇಳಿದ. ದೊಡ್ಡಪ್ಪ ಬಲಗಡೆ ಎಂದ. ಹಿಂದಿನಿಂದ ದೊಡ್ಡವ್ವ ಎಡಗಡೆ ಎಂದಳು. ನನ್ನ ಬಾಯಿ ನನಗ ಗೊತ್ತಿಲ್ಲೇನು ಎಂದು ಇವನು. ನೋಡುವುದು ನಾನೋ ನೀನೋ ಎಂದು ಅವಳು. ಕನ್ನಡಿ ತರಲು ಯಾರೋ ಎದ್ದ ಸದ್ದು. ಕನ್ನಡಿಯಲ್ಲಿ ಎಡ ಯಾವುದು, ಬಲ ಯಾವುದು ಎಂದು ಜಗಳ ಹೊಸದಾಗಿ ಶುರುವಾಯಿತು. ನಾವಿಬ್ಬರೂ ಕೇಳುತ್ತ ನಿಂತೆವು.

ಅಷ್ಟರಲ್ಲಿ ಕಲಸುವ ತಗಡಿನ ಮೇಲಿದ್ದ ಪುಟ್ಟಿ ಕಲ್ಲಾಗಿತ್ತು. ಡಬ್ಬಿಯಲ್ಲಿ ಇನ್ನು ಇರಲಿಲ್ಲ. ಹೊಸ ಡಬ್ಬಿ ಸೋಮವಾರ ಬರುತ್ತದೆ ಎಂದ ಮಂಜ, ಸ್ಟೂಲು ಇಳಿದು ಕೈ ಒರೆಸಿಕೊಂಡ.

ನೆಗ್ಗಿದ ಬಾಗಿಲಿನ ಜೊತೆಗೇ ಮನೆಗೆ ಹೊರಟೆ. ಹೆಂಡತಿ ಕೇಳಿದರೆ, ಅದು ಕೊಂಡಾಗಿನಿಂದಲೂ ಹಾಗೇ ಇತ್ತು ಎಂದು ಹೇಳುವುದೆಂದು ದಾರಿಯಲ್ಲಿ ನಿಶ್ಚಯಿಸಿದೆ.