ಡಾಕ್ಟರಮ್ಮನ ಜೀಪು ಎತ್ತರಿಸಿದ್ದು

ಡಾಕ್ಟರಮ್ಮನ ಜೀಪಿನ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಎಲ್ಲಕ್ಕೂ ಮೂಲ ಅದೇ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಗಾಡಿಗಳಲ್ಲಿ ಅದೂ ಒಂದು. ದೇವನಹಳ್ಳಿಯಲ್ಲಿದ್ದುಕೊಂಡು ಸುತ್ತಲ ಹಳ್ಳಿಗಳ ಹೆರಿಗೆ ನೋಡುತ್ತಿದ್ದ ಆಕೆ ಅದನ್ನು ತಾವೇ ಓಡಿಸುತ್ತಿದ್ದರು. ನಮ್ಮ ಕಡೆ ಎತ್ತಿನ ಗಾಡಿಗಳು ಕೊರೆದ ಜಾಡು ಮೊಣಕಾಲುದ್ದ ಆಳ. ಜೀಪಿನ ಗಾಲಿ ಅದಕ್ಕೆ ಇಳಿದರೆ ನಡುವಿನ ದಿಣ್ಣೆಯ ಮೇಲೆ ಹೊಟ್ಟೆ ಕೂತುಬಿಡುತ್ತಿತ್ತು. ಆ ಮಳೆಗಾಲದಲ್ಲಿ ಹಾಗೆ ಒಂದು ಹಳ್ಳಿಗೆ ಮೈಲಿ ದೂರವಿರುವಾಗ ಕೂತಿತು. ಆಕೆ ಪೆಟ್ಟಿಗೆ ಹಿಡಿದು ಕೆಸರಲ್ಲಿ ನಡೆದು ಹೋಗುವ ಹೊತ್ತಿಗೆ ಬಸುರಿ ತೀರಿಕೊಂಡಿದ್ದಳು.

ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ನನ್ನ ರಿಪೇರಿ ಷೆಡ್ಡಿಗೆ ಬಂದರು. ಕಣ್ಣು ಕೆಂಪಗಿದ್ದವು.

"ಇದನ್ನ ನಾಲ್ಕು ಬೆರಳು ಎತ್ತಿಕೊಡ್ತೀಯೇನಪ್ಪಾ?"

"ನಾಲ್ಕಲ್ಲ, ಐದು ಎತ್ತಿಕೊಡ್ತೀನಿ ಅಮ್ಮಾವ್ರೇ," ಅಂದೆ. ಆಗ ನನಗೆ ಇಪ್ಪತ್ತಾರು ವರ್ಷ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಮೂರು ವರ್ಷ ಲಾರಿ ಬಿಚ್ಚಿ ಕಟ್ಟಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ಅರ್ಧ ಕೊಡ, ಹೋದಲ್ಲೆಲ್ಲ ತುಳುಕುತ್ತಿದ್ದೆ. ಕೋಪವೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆ ಕೆಲಸ ನನಗೆ ಬರೀ ಕೆಲಸವಾಗಿರಲಿಲ್ಲ. ನನ್ನ ಹೆಂಡತಿ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಹೋಗಿದ್ದಳು. ಬೂದಿಗೆರೆಯ ಆಚೆಗಿನ ಆ ಹಳ್ಳಿಗೆ ಹೋಗುವುದೂ ಅಂಥದೇ ಜಾಡಿನಲ್ಲಿ. ದಿನ ತುಂಬಲು ಇನ್ನು ಮೂರು ವಾರ. ಅವಳಿಗೆ ಏನಾದರೂ ಆದರೆ ಈ ಜೀಪು ಆ ದಿಣ್ಣೆಯನ್ನು ದಾಟಲೇಬೇಕು.

ಬೆಂಗಳೂರಿನಲ್ಲಿ ಮಿಲಿಟರಿಯ ಹಳೇ ಸಾಮಾನು ಮಾರುವವರ ಹತ್ತಿರ ಅಲೆದು, ನಾಲ್ಕು ಹೊಸ ಶಾಕ್ ಅಬ್ಸಾರ್ಬರ್ ತಂದೆ. ಜೀಪಿನವಕ್ಕಿಂತ ಅಂಗೈಯಷ್ಟು ಉದ್ದ. ಸ್ಪ್ರಿಂಗ್ ಪಟ್ಟಿ ಮಾಡಿಕೊಡಲು ಮಾವನವರನ್ನು ಕರೆಸಿದೆ. ಅವರು ಕಮ್ಮಾರರು. ಗಾಡಿ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಕಟ್ಟುವುದರಲ್ಲಿ ಆ ಸುತ್ತಿನಲ್ಲಿ ಅವರ ಕೈಗೆ ಸಮನಾದ ಕೈ ಇರಲಿಲ್ಲ. ಅದನ್ನು ಅವರೆದುರಿಗೆ ಮಾತ್ರ ನಾನು ಒಪ್ಪಿಕೊಳ್ಳುತ್ತಿರಲಿಲ್ಲ. ಅವರು ಮುರಿದ ಲಾರಿಯ ಪಟ್ಟಿಗಳನ್ನು ಕತ್ತರಿಸಿ, ಕಾಯಿಸಿ, ಬಿಲ್ಲಿನ ಹಾಗೆ ಬಾಗಿಸಿ, ಹೊಂಗೆ ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟರು. ಒಂದನ್ನೂ ಅಳತೆಕೋಲಿನಿಂದ ಅಳೆಯಲಿಲ್ಲ. ಜೋಡಿಸಿದಾಗ ಒಂದರ ಮೇಲೊಂದು ಕೂದಲೆಳೆ ಸಂದಿಲ್ಲದೆ ಕೂತವು. ನನಗೆ ಹೊಟ್ಟೆಕಿಚ್ಚಾಯಿತು.

ಗಾಡಿ ಮಾಡುವ ನಮ್ಮ ಜನಕ್ಕೆ ಒಂದು ಪದ್ಧತಿ. ಹೊಸ ಗಾಡಿಯನ್ನು ಮನೆಯಿಂದಾಚೆ ಕಳಿಸುವ ಮುಂಚೆ ಭಾರ ಹೇರಿ ನೋಡಬೇಕು. ಭಾರಕ್ಕೆ ತಡೆದರೆ ಗಾಡಿ ಗೆದ್ದ ಹಾಗೆ. ನಾನೂ ಅದೇ ಮನೆತನದವನು. ಮಿಲಿಟರಿ ನೀರು ಕುಡಿದರೂ ಹುಟ್ಟಿದ ಬುದ್ಧಿ ಹೋದೀತೆ? ಜೀಪಿನ ಮೇಲೆ ಎಂಟು ಮೂಟೆ ರಾಗಿ ಹೇರಿಸಿದೆ. ಹೊಸ ಸ್ಪ್ರಿಂಗು ತುಸು ಬಗ್ಗಿ ಗಟ್ಟಿಯಾಗಿ ನಿಂತಿತು. ನೋಡಲು ನಿಂತ ನಾಲ್ಕು ಜನ ಭೇಷ್ ಅಂದರು.

ಮಾವ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು. ಗಾಡಿಯ ಅಡಿಯ ಚೌಕಟ್ಟಿನಿಂದ ಗಾಲಿಗೆ ಇಳಿದಿದ್ದ ರಬ್ಬರ್ ಕೊಳವೆಯನ್ನು ಬೆರಳಿನಿಂದ ಮುಟ್ಟಿ ಕೇಳಿದರು:

"ಈ ಕರೀ ಕೊಳವೆ ಏನು, ಅಳಿಯಂದ್ರೇ?"

"ಬ್ರೇಕಿಂದು. ಅದರೊಳಗೆ ಎಣ್ಣೆ ಓಡ್ತದೆ."

"ಗಾಡಿ ಮೇಲಕ್ಕೆದ್ದದೆ. ಇದೂ ಅಷ್ಟು ಉದ್ದ ಆಗ್ಬೇಕಲ್ವಾ?"

ಜನರ ಮುಂದೆ ಕಮ್ಮಾರ ಮಾವ ನನಗೆ ಬ್ರೇಕಿನ ಪಾಠ ಹೇಳುವುದೇ? "ನೋಡಿ, ಎಷ್ಟು ಸಡಿಲ ಇದೆ," ಅಂತ ಕೊಳವೆಯನ್ನು ಎಳೆದು ತೋರಿಸಿದೆ. "ನೀವು ಕುಲುಮೆ ನೋಡ್ಕೊಳ್ಳಿ ಮಾವ. ಇದು ನನಗೆ ಬಿಡಿ."

ಅವರು ಕೈ ಒರೆಸಿಕೊಂಡು ಎದ್ದರು.

ಕೊಳವೆ ಸಡಿಲ ಇದ್ದದ್ದು ನಿಜ, ಎಂಟು ಮೂಟೆ ರಾಗಿ ಮೇಲಿದ್ದಾಗ. ಎತ್ತಿನ ಗಾಡಿಯ ಗಾಲಿ ಭಾರಕ್ಕೆ ಮುರಿಯುತ್ತದೆ, ಭಾರವಿಲ್ಲದಾಗ ಅದಕ್ಕೆ ಏನೂ ಆಗುವುದಿಲ್ಲ. ಸ್ಪ್ರಿಂಗಿನ ಗಾಡಿ ಹಾಗಲ್ಲ. ಗಾಲಿ ಗುಂಡಿಗಿಳಿದು ನೇತಾಡುವಾಗ ಎಲ್ಲವನ್ನೂ ಕೆಳಗೆ ಜಗ್ಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರು ಗಿಡ್ಡ, ಗಾಲಿಯನ್ನು ಹೆಚ್ಚು ಇಳಿಯಗೊಡುತ್ತಿರಲಿಲ್ಲ. ನಾನು ಹಾಕಿದ್ದು ಉದ್ದದ್ದು. ಒಂದು ಗಾಲಿಯನ್ನು ಜಾಕಿನಿಂದ ಎತ್ತಿ ನೇತುಬಿಟ್ಟು ನೋಡಿದ್ದರೆ ಕೊಳವೆ ಸಾಲದು ಅಂತ ಎಳೇ ಕೂಸಿಗೂ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಮೂರು ವಾರ ಕಾಯಬೇಕಾಗಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಮಾವನ ಊರಿನವನೊಬ್ಬ ಸೈಕಲ್ ತುಳಿದುಕೊಂಡು ಬಂದ. ಹಿಂದಿನ ದಿನ ಸಂಜೆಯಿಂದ ನೋವು, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ಡಾಕ್ಟರಮ್ಮನನ್ನು ಕರೆದುಕೊಂಡು ಬರಬೇಕಂತೆ. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಎಲ್ಲಿ ಬಿತ್ತೋ ತಿಳಿಯದು.

ಡಾಕ್ಟರಮ್ಮ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಜಾಡಿನ ದಿಣ್ಣೆ ಬಂದಾಗ ಉಸಿರು ಬಿಗಿಹಿಡಿದೆ. ಜೀಪು ಅದರ ಮೇಲೆ ಸಲೀಸಾಗಿ ಹಾದುಹೋಯಿತು. ಹೊಟ್ಟೆ ತಾಗಲೇ ಇಲ್ಲ. "ಭಲೇ," ಅಂದರು ಡಾಕ್ಟರಮ್ಮ. ಹೆಂಡತಿ ಅಲ್ಲಿ ನರಳುತ್ತಿದ್ದರೂ ಆ ಒಂದು ಗಳಿಗೆ ನನಗೆ ಹೆಮ್ಮೆಯಾಯಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಕೆ ಒಳಗೆ ಹೋಗಿ ನೋಡಿ, ಹೊರಗೆ ಬಂದು ಹೇಳಿದರು: "ಮಗುವಿನ ತಲೆ ಸಿಕ್ಕೊಂಡಿದೆ. ಕೊಯ್ದು ತೆಗೀಬೇಕಾಗಬಹುದು. ಆಸ್ಪತ್ರೆಗೆ ಹೋಗೋಣ, ಈಗಲೇ."

ಹಿಂದೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿದೆವು. ತಲೆಯ ಹತ್ತಿರ ಸೂಲಗಿತ್ತಿ ಅಜ್ಜಿ, ಕಾಲಿನ ಕಡೆ ಮಾವ. ಅವಳ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಸಾಕಿದವರು ಮಾವನೇ.

ದಾರಿ ಕೆರೆ ಏರಿಯ ಮೇಲೆ ಹೋಗಿ, ಆ ತುದಿಯಲ್ಲಿ ಕಡಿದಾಗಿ ಇಳಿಯುತ್ತಿತ್ತು. ಇಳಿಜಾರಿನ ಬುಡದಲ್ಲಿ, ನೇರಕ್ಕೆ, ಎತ್ತು ಕಟ್ಟಿ ನೀರೆತ್ತುವ, ಕಟ್ಟೆಯಿಲ್ಲದ ಕಪಿಲೆ ಬಾವಿ. ದಾರಿ ಬಾವಿಯ ಮುಂದೆ ಬಲಕ್ಕೆ ಹೊರಳುತ್ತಿತ್ತು. ಏರಿಯ ತುದಿಯಲ್ಲಿ ಹುಲ್ಲಿನ ಗಾಡಿಯೊಂದು ಎದುರಾಯಿತು. ಡಾಕ್ಟರಮ್ಮ ಅದಕ್ಕೆ ದಾರಿ ಬಿಡಲು ಎಡಕ್ಕೆ ಸರಿದರು. ಎಡ ಮುಂದಿನ ಗಾಲಿ ಮಳೆ ನೀರು ಕೊರೆದ ಗುಂಡಿಗೆ ದಡಕ್ಕನೆ ಇಳಿದು ನೇತಾಡಿ ಮೇಲೆ ಬಂತು. ಕೆಳಗೆ ಏನೋ ಪಟ್ಟೆಂದಿತು. ನನಗೆ ಆ ಶಬ್ದ ಗೊತ್ತು.

ಜೀಪು ಇಳಿಜಾರಿಗೆ ಮೂತಿ ಹಾಕಿತು. ಆಕೆ ಬ್ರೇಕ್ ಒತ್ತಿದರು. ಪೆಡಲು ಹಲಗೆಗೆ ಹೋಗಿ ಮುಟ್ಟಿತು. ಮತ್ತೆ ಒತ್ತಿದರು. ಅಷ್ಟೇ.

"ಬ್ರೇಕ್ ಇಲ್ಲ," ಅಂದರು. ಅರಚಲಿಲ್ಲ, ಬರೀ ಹೇಳಿದರು.

ನಾನು ಹ್ಯಾಂಡ್ ಬ್ರೇಕ್ ಎರಡೂ ಕೈಯಲ್ಲಿ ಎಳೆದೆ. ಸುಟ್ಟ ಕಮಟು ವಾಸನೆ ಬಂತೇ ಹೊರತು ಗಾಡಿ ನಿಲ್ಲಲಿಲ್ಲ. ಹಿಂದೆ ಅವಳು "ಅಪ್ಪಾ, ಅಪ್ಪಾ" ಅನ್ನುತ್ತಿದ್ದಳು. ನನ್ನನ್ನು ಕರೆಯಲಿಲ್ಲ. ಬಾವಿಯ ಬಾಯಿ ದೊಡ್ಡದಾಗುತ್ತ ಬಂತು, ಒಳಗಿನ ಪಾಚಿಗಟ್ಟಿದ ಕಲ್ಲುಗಳೂ ಕಂಡವು. ನಾನೇ ಕೊಂದೆ, ಅಂದುಕೊಂಡೆ. ಬೇರೆ ಏನೂ ತಲೆಗೆ ಬರಲಿಲ್ಲ. ಬಲಕ್ಕೆ ಹೊರಳಿಸಿದ್ದರೆ ಆ ವೇಗಕ್ಕೆ ಗಟ್ಟಿ ನೆಲದ ಮೇಲೆ ಜೀಪು ಮಗುಚುತ್ತಿತ್ತು. ಡಾಕ್ಟರಮ್ಮ ಬಾವಿಗೆ ಎರಡು ಮಾರು ಇರುವಾಗ ಎಡಕ್ಕೆ ತಿರುವಿ, ಬದು ಹಾರಿಸಿ, ನಾಟಿಗೆಂದು ಉತ್ತಿದ್ದ ಕೆಸರು ಗದ್ದೆಗೆ ನುಗ್ಗಿಸಿದರು. ಜೀಪು ಅಚ್ಚಿನವರೆಗೆ ಹೂತು ನಿಂತಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಅಲ್ಲಿಂದ ಮುಂದಕ್ಕೆ ಹೋಗುವ ಹಾಗೂ ಇರಲಿಲ್ಲ. ಡಾಕ್ಟರಮ್ಮ ಹಿಂದೆ ಹತ್ತಿ ಅವಳನ್ನು ಮುಟ್ಟಿ ನೋಡಿ, "ಇಲ್ಲೇ ಆಗ್ಬೇಕು. ಗಂಡಸರು ಏರಿ ಮೇಲಕ್ಕೆ ಹೋಗಿ," ಅಂದರು. ಪೆಟ್ಟಿಗೆಯಿಂದ ಮಗುವಿನ ತಲೆ ಹಿಡಿದೆಳೆಯುವ ಇಕ್ಕಳ ತೆಗೆದರು.

ಮಾವನೂ ನಾನೂ ಏರಿಯ ಮೇಲೆ ಕೂತೆವು. ಎಷ್ಟು ಹೊತ್ತು ಅಂತ ತಿಳಿಯದು. ಅವಳ ಕೂಗು ಏರುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೇ ಹೆಚ್ಚು ಭಯ. ಮಾವ ನನ್ನ ಮುಖ ನೋಡಲಿಲ್ಲ. ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಕೊನೆಗೆ ಮಗು ಅತ್ತಿತು. ನಾನೂ ಅತ್ತೆ, ಮರ್ಯಾದೆ ಬಿಟ್ಟು ಅತ್ತೆ.

ನಾವು ಕೆಳಗಿಳಿದು ಬರುವಾಗ ಡಾಕ್ಟರಮ್ಮ ಕೆಸರಲ್ಲಿ ಬಗ್ಗಿ ಮುಂದಿನ ಗಾಲಿಯ ಒಳಗೆ ಕೈ ಹಾಕಿದ್ದರು. ಹರಿದ ಕೊಳವೆಯ ತುದಿ ಅವರ ಕೈಯಲ್ಲಿತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಗಾಡಿ ಎತ್ತಿದ್ದೀರಿ, ಇದನ್ನ ಉದ್ದ ಮಾಡಿಲ್ಲ. ಇಷ್ಟು ಸಾಕು ಅಂತ ಬಿಟ್ಟೋರು ಯಾರು?"

ಹೆಂಡತಿ ಎರಡು ಮೊಳ ದೂರದಲ್ಲಿ ಮಲಗಿ ಕೇಳುತ್ತಿದ್ದಳು. ನಾನು ಬಾಯಿ ತೆರೆದೆ.

"ನಾನೇ ಕಣ್ರಮ್ಮಾ," ಅಂದರು ಮಾವ. "ಅಳಿಯಂದ್ರು ಉದ್ದದ್ದು ಹಾಕ್ತೀನಿ ಅಂದ್ರು. ಭಾರ ಹೇರಿ ನೋಡಾಯ್ತು, ಸಡಿಲ ಐತೆ, ಬ್ಯಾಡ ಅಂತ ನಾನೇ ಅಂದ್ಬಿಟ್ಟೆ. ಹಿರಿಯೋನು ಅಂತ ಅವರೂ ಸುಮ್ಕಾದ್ರು."

"ಇದು ಎತ್ತಿನ ಗಾಡಿ ಅಲ್ಲ, ಯಜಮಾನ್ರೇ! ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿ ಆರು ಜೀವ ಬಾವಿಗೆ ಹಾಕ್ತಿದ್ರಿ!"

"ತಪ್ಪಾಯ್ತು ತಾಯಿ," ಅಂದರು ಮಾವ, ಕೈ ಮುಗಿದು.

ನನ್ನ ತೆರೆದ ಬಾಯಿ ತೆರೆದೇ ಇತ್ತು. ಅದರಿಂದ ಮಾತು ಮಾತ್ರ ಬರಲಿಲ್ಲ.

ಅಜ್ಜಿ ಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದಳು. ಮೊದಲು ತಾತನ ಕೈಗೆ ಅಂತ ಮಾವನ ಕಡೆ ಚಾಚಿದಳು. ಅವರು ಕೆಸರಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದರು.

"ನಮ್ಮಪ್ಪನ ಕೈಗೆ ಬ್ಯಾಡ," ಅಂದಳು ಹೆಂಡತಿ. ದನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ನಮ್ಮನೆಯವರ ಕೈಗೆ ಕೊಡು."

ಮಾವ ಹಿಂದಕ್ಕೆ ಸರಿದು ನನಗೆ ಜಾಗ ಬಿಟ್ಟರು. ನಾನು ಹೋಗಿ ಮಗುವನ್ನು ತೆಗೆದುಕೊಂಡೆ.