ನಿಂಗಯ್ಯ ತುಂಬಿದ ಸಾಲುಗಳು

ಬೆಳಕವಾಡಿ ಕಡೆಯ ಆ ಹಳೇ ಮಠದಲ್ಲಿ ಒಂದು ಕಾಲಕ್ಕೆ ನೂರಾರು ಜನ ಓದು ಕಲಿತರಂತೆ. ವೈದ್ಯ, ಪಂಚಾಂಗ, ಪದ್ಯ ಎಲ್ಲವನ್ನೂ ಅಲ್ಲೇ ಓಲೆಗರಿಯ ಮೇಲೆ ಬರೆದಿಡುತ್ತಿದ್ದರಂತೆ. ಈಗ ಗುರುಪೀಠ ಖಾಲಿ. ಅಂತೆಕಂತೆಗಳ ಜೊತೆಗೆ ಉಳಿದಿರುವುದು ಎಪ್ಪತ್ತು ದಾಟಿದ ನಿಂಗಯ್ಯ ಒಬ್ಬನೇ.

ಏಳನೇ ಕ್ಲಾಸು ಓದಿದ ಅವನಿಗೆ ಹಳೆಯ ಅಕ್ಷರ ಕಲಿಸಿದವರು ಹಿಂದಿನ ಸ್ವಾಮಿಗಳು. ಮಠ ಕಟ್ಟಿದ ಗುರುವಿನ ತತ್ವಪದಗಳ ಕಟ್ಟನ್ನು ಕೈಗಿಟ್ಟು, "ನಕಲು ಮಾಡ್ಲಾ. ಮುಗುದ್ಮೇಲೆ ಅಳೇದ್ನ ಒಳೆಗೆ ಬುಡು" ಅಂದಿದ್ದರು. ನಕಲಾದ ಗರಿಯನ್ನು ಕಾವೇರಿಗೆ ಬಿಡುವುದು ಆ ಮಠದ ಪದ್ಧತಿ. ಗದ್ದೆ ಕೆಲಸ ಮುಗಿಸಿ ಬಂದು ಹನ್ನೆರಡು ವರ್ಷ ಬರೆದ. ಮದುವೆ ಮಾತೆತ್ತಿದವರನ್ನೆಲ್ಲ ಬೈದು ಕಳಿಸಿದ. ಒಂಬತ್ತು ನೋಟ್‌ಬುಕ್ಕು ತುಂಬಿದ ದಿನ ಕೈಯಾರೆ ಗರಿಗಳನ್ನು ಹೊಳೆಗೆ ಬಿಟ್ಟ. ಪುಣ್ಯಾತ್ಮ, ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಮೂವತ್ತು ವರ್ಷ ಕಳೆದು, ಮಂಡ್ಯದಿಂದ ಶಾಲಿನಿ ಎಂಬ ಉಪನ್ಯಾಸಕಿ ಬಂದು ಪದಗಳನ್ನು ಅಚ್ಚು ಹಾಕಿಸುತ್ತೇನೆ ಎಂದಾಗ ನಿಂಗಯ್ಯನ ಕಣ್ಣು ತುಂಬಿತು. ಗುರುವಿನ ಮಾತು ನಾಲ್ಕು ಜನಕ್ಕೆ ಮುಟ್ಟಲಿ ಎನ್ನುವುದೊಂದೇ ಅವನಿಗಿದ್ದ ಆಸೆ. ನೋಟ್‌ಬುಕ್ಕು ಒಯ್ದ ಶಾಲಿನಿ ತಿಂಗಳಾದ ಮೇಲೆ ಅವನ್ನು ಹೊತ್ತುಕೊಂಡೇ ಬಂದರು. ಮುಖ ಸಪ್ಪಗಿತ್ತು.

"ಎಲ್ಲೂ ಒಂದಕ್ಷರ ಬಿಟ್ಟುಹೋಗಿಲ್ಲ ನಿಂಗಯ್ಯನವರೇ. ಗರಿಗೆ ಗೆದ್ದಲು ಹಿಡಿದಿರಲಿಲ್ವಾ?"

"ಇಡ್ದಿತ್ತು ಕಣಮ್ಮ. ಅಲ್ಲಲ್ಲಿ ಪೂರಾ ತಿಂದಾಕಿತ್ತು."

"ಮತ್ತೆ ಆ ಸಾಲುಗಳು?"

"ಗುರುಗಳ ಪದ ತೂತ್‌ತೂತಾಗಿ ಇರಬಾರ್ದು ಅಂತ ನಾನೇ ತುಂಬ್ದೆ."

ಹೇಳಿದ ಮೇಲಷ್ಟೇ ತಾನು ಮಾಡಿದ್ದೇನೆಂದು ಅವನಿಗೆ ಅರಿವಾಯಿತು. ಶಾಲಿನಿ ಬೈಯಲಿಲ್ಲ. "ನೀವು ಬರೆದ ಸಾಲಿಗೆಲ್ಲ ಗೆರೆ ಹಾಕಿಕೊಡಿ, ಮಿಕ್ಕಿದ್ದನ್ನ ಅಚ್ಚು ಹಾಕೋಣ" ಎಂದು ಪೆನ್ಸಿಲ್ ಕೊಟ್ಟು ಹೋದರು.

ಎಂಟು ದಿನ ನಿಂಗಯ್ಯ ಮಠದ ಜಗಲಿ ಬಿಟ್ಟು ಕದಲಲಿಲ್ಲ. ಓದಿದ, ಹಾಡಿಕೊಂಡ, ಗೆರೆ ಹಾಕಿ ಅಳಿಸಿದ. ತನ್ನದೆಂದುಕೊಂಡ ಸಾಲು ಹಾಡಿದರೆ ಗುರುವಿನದೇ ಅನ್ನಿಸುತ್ತಿತ್ತು. ಗುರುವಿನದೆಂದು ಬಿಟ್ಟಿದ್ದರಲ್ಲಿ ತನ್ನ ಮಾತಿನ ವರಸೆ ಕಾಣುತ್ತಿತ್ತು. ಇಷ್ಟು ವರ್ಷ ಹಾಡಿ ಹಾಡಿ ಎರಡೂ ಬೆರೆತುಹೋಗಿದ್ದವು. ಹೋಲಿಸಿ ನೋಡೋಣವೆಂದರೆ ಗರಿಗಳನ್ನು ತಾನೇ ಹೊಳೆಗೆ ಬಿಟ್ಟಿದ್ದ.

ಶಾಲಿನಿ ಮತ್ತೆ ಬಂದಾಗ ಒಂಬತ್ತನ್ನೂ ಮುಂದಿಟ್ಟ. ಒಂದರಲ್ಲೂ ಗೆರೆ ಇರಲಿಲ್ಲ.

"ಗೊತ್ತಾಯ್ತಿಲ್ಲ ಕಣಮ್ಮ. ಗುರುಗಳ ಬಾಯಿಗೆ ನನ್ ಮಾತು ತುರ್ಕಿ ಅಚ್ಚಾಕ್ಸೋದು ಬ್ಯಾಡ. ಎಲ್ಲಾ ನಿಂಗಯ್ಯಂದೇ ಅಂತ ಬರ್ಕೊಬುಡಿ."

"ಹಾಗಂದ್ರೆ ಗುರುಗಳದು ಅಂತ ಏನೂ ಉಳಿಯಲ್ವಲ್ಲ?"

"ಉಳಿಯಾಕಿಲ್ಲ" ಎಂದ ನಿಂಗಯ್ಯ, ಮುಖ ಮುಚ್ಚಿಕೊಂಡು ಅತ್ತ.