ಅಪೊಸ್ತಲರ ಪಕ್ಕದ ಸೀಟು

ಮೊನ್ನೆ ಭಾನುವಾರ ನಮ್ಮ ಚರ್ಚಿನ ವೇದಿಕೆಯ ಮೇಲೆ ಮದುಮಕ್ಕಳ ಸೋಫಾ ಹಾಕಿಸಿದ ಮಹಾನುಭಾವ ನಾನೇ.

ಮದುವೆ ಯಾರದು ಎಂದು ಕೇಳಬೇಡಿ. ಮದುವೆಯೇ ಇರಲಿಲ್ಲ. ಹುಬ್ಬಳ್ಳಿಯಿಂದ ಒಬ್ಬರು ಅಪೊಸ್ತಲರು ಬರುವವರಿದ್ದರು. (ಯೇಸು ಆರಿಸಿ ಕಳುಹಿಸಿದ ಮೊದಲ ಶಿಷ್ಯರಿಗೆ ಆ ಹೆಸರು. ಈಗಲೂ ಕೆಲವು ಸಭೆಗಳ ನಾಯಕರು ಅದನ್ನು ಬಿರುದಾಗಿ ಇಟ್ಟುಕೊಳ್ಳುತ್ತಾರೆ.) ಕೊಪ್ಪದ ನಮ್ಮ ಪುಟ್ಟ ಚರ್ಚಿನಿಂದ ಪಾಸ್ಟರ್ ವರ್ಗವಾಗಿ ನಾಲ್ಕು ತಿಂಗಳಾಗಿತ್ತು. ಈ ಅಪೊಸ್ತಲರ ನಾಯಕತ್ವಕ್ಕೆ ನಾವು ಸೇರಬೇಕೋ ಬೇಡವೋ? ಅವರ ಮಾತು ಕೇಳಿ ತೀರ್ಮಾನ ಮಾಡೋಣ ಎಂದಾಗಿತ್ತು. ನಾನು ಕಾರ್ಯದರ್ಶಿ.

"ಸರ್‌ಗೆ ವೇದಿಕೆ ಮೇಲೆ ದೊಡ್ಡ ಕುರ್ಚಿ ಇರಲಿ" ಎಂದು ಅವರ ಕಡೆಯವರು ಮೊದಲೇ ಫೋನ್ ಮಾಡಿದ್ದರು. ಅಪೊಸ್ತಲ ಪೇತ್ರ ಮೀನಿನ ದೋಣಿಯಲ್ಲಿ ಕೂತಿದ್ದವನು, ನಿಜ. ಆದರೆ ಅತಿಥಿಗಳಿಗೆ ಹಾಗೆ ಹೇಳಲಾಗುತ್ತದೆಯೇ? ಶಾಮಿಯಾನದ ರಫೀಕಣ್ಣನ ಅಂಗಡಿಗೆ ಓಡಿದೆ.

"ಮದುವೆ ಸೀಸನ್ ಮಾರಾಯ. ಸಿಂಹಾಸನ ಎಲ್ಲ ಬುಕ್ಕಾಗಿದೆ. ಜೋಡಿ ಸೋಫಾ ಒಂದುಂಟು. ಒಂದು ಬದಿಗೆ ಕೂತ್ಕಳಕೆ ಹೇಳು" ಎಂದರು.

ಅಪೊಸ್ತಲರು ಬಂದರು. ಸೋಫಾಕ್ಕೆ ಕೆಂಪು ವೆಲ್ವೆಟ್, ಬೆನ್ನಿಗೆ ಚಿನ್ನದ ಬಣ್ಣದ ಎರಡು ನವಿಲು. ಒಮ್ಮೆ ನನ್ನ ಮುಖ ನೋಡಿದರು. ನಾನು ಮೈಕ್ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ಪಾಪ, ಒಂದು ಬದಿಗೆ ಕೂತರು. ಹೆಂಗಸರ ಸಾಲಿನಲ್ಲಿ ಸೆರಗುಗಳು ಬಾಯಿಗೆ ಹೋದವು.

ಆಗ ಒಳಗೆ ಬಂದವರು ನಮ್ಮ ಚರ್ಚಿನ ಏಲಿಯಮ್ಮ. ಶೃಂಗೇರಿಯಾಚೆ ಕೆರೆಕಟ್ಟೆಯವರು, ಎಪ್ಪತ್ತು ದಾಟಿದವರು. ಎರಡು ಬಸ್ ಬದಲಿಸಿ ಬರುವಷ್ಟರಲ್ಲಿ ಕುರ್ಚಿಗಳೆಲ್ಲ ಭರ್ತಿ. ಸುತ್ತ ನೋಡಿದರು. ವೇದಿಕೆಯಲ್ಲಿ ಒಂದು ಸೀಟು ಖಾಲಿ. ನೇರ ಹತ್ತಿ ಅಪೊಸ್ತಲರ ಪಕ್ಕದಲ್ಲೇ ಕೂತುಬಿಟ್ಟರು! (ಮಂಡಿನೋವಿಗೆ ಶಿಷ್ಟಾಚಾರ ಗೊತ್ತೇ?)

ನಾನು ಎಬ್ಬಿಸಲು ಓಡುವಷ್ಟರಲ್ಲಿ ಅವರು ಮಾತು ಶುರು ಮಾಡಿಯಾಗಿತ್ತು. ಮೈಕ್ ಆನ್ ಇತ್ತು.

"ಅಯ್ಯನೋರೇ, ನಮ್ಮ ಯಜಮಾನ್ರಿಗೆ ಲಕ್ವ ಹೊಡ್ದು ಮಲಗಿದಲ್ಲೇ ಇದಾರೆ. ಪ್ರಭುಭೋಜನ ಬೇಕು ಅಂತ ದಿನಾ ಕೇಳ್ತಾರೆ. ಜಾಸ್ತಿ ದಿನ ಇಲ್ಲ ಅಂದಿದಾರೆ ಡಾಕ್ಟ್ರು. ನೀವು ಬರ್ತೀರಾ?"

ಪ್ರಭುಭೋಜನವೆಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ. ಅದನ್ನು ಕೊಡಲು ನಮ್ಮಲ್ಲಿ ಪಾಸ್ಟರೇ ಆಗಬೇಕು.

"ನಮ್ಮ ಟೀಮಿನವರನ್ನ ಕಳಿಸ್ತೀನಿ ಅಮ್ಮ" ಎಂದರು ಅಪೊಸ್ತಲರು.

"ಟೀಮ್ ಎಂತಕ್ಕೆ ಮಾರಾಯ್ರೆ? ನೀವೇ ಬಂದಿದೀರಲ್ಲ!"

ಅಪೊಸ್ತಲರ ಕೈಯಲ್ಲಿ ದಪ್ಪ ಫೈಲ್. 'ಇಂದಿನ ಕ್ರೈಸ್ತ ಸಭೆಗೆ ಅಪೊಸ್ತಲರ ನಾಯಕತ್ವ ಏಕೆ ಬೇಕು' ಎಂಬ ಎರಡು ಗಂಟೆಯ ಭಾಷಣ. ಅದನ್ನೊಮ್ಮೆ ನೋಡಿದರು, ಏಲಿಯಮ್ಮನನ್ನೊಮ್ಮೆ ನೋಡಿದರು. ಫೈಲ್ ಮುಚ್ಚಿ, "ಈಗಲೇ ಹೊರಡೋಣ" ಎಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಅಪೊಸ್ತಲರ ಕಾಲ ಎಂದೋ ಮುಗಿಯಿತು ಎನ್ನುವವರಿದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ವಾದ ನಡೆಯಲಿ. ಭಾಷಣ ಬಿಟ್ಟು ರೋಗಿಯ ಮನೆಗೆ ಹೊರಟವರನ್ನು ಏನೆಂದು ಕರೆದರೂ ನನ್ನ ತಕರಾರಿಲ್ಲ.

ಕೆರೆಕಟ್ಟೆಗೆ ಹೊರಟ ಅಪೊಸ್ತಲರ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಾನು ಸಮಜಾಯಿಷಿ ಜೋಡಿಸುತ್ತಿದ್ದೆ. ಪ್ರಭುಭೋಜನ ಕೊಡಲು ನನಗೆ ಅಧಿಕಾರವಿಲ್ಲ, ಸರಿ. ನೋಡಿ ಮಾತಾಡಿಸಿ ಬರಲು? ಬೈಕ್ ಇದೆ, ದಾರಿಯೂ ಗೊತ್ತು. ನಾಲ್ಕು ತಿಂಗಳು ಮಾಡಿದ್ದೇನು? ನಾಯಕರಿಲ್ಲ, ನಾಯಕರಿಲ್ಲ ಎಂದು ಮೀಟಿಂಗ್ ಮೇಲೆ ಮೀಟಿಂಗ್.

ಮನೆಯಲ್ಲಿ, ಅಪೊಸ್ತಲರು ಕೊಟ್ಟ ರೊಟ್ಟಿಯ ಚೂರು ನಾಲಿಗೆಗೆ ಮುಟ್ಟಿದಾಗ ಏಲಿಯಮ್ಮನ ಯಜಮಾನರು ವರ್ಕಿಯವರು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು, "ಎಲ್ಲಿಂದ ಬಂದ್ರಿ?" ಎಂದು ತೊದಲುತ್ತ ಕೇಳಿದರು.

"ಹುಬ್ಬಳ್ಳಿಯಿಂದ" ಎಂದರು ಅಪೊಸ್ತಲರು.

ವರ್ಕಿಯವರು ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ನೀನು ಕೊಪ್ಪದಲ್ಲೇ ಇದ್ಯಲ್ಲ ಮಾರಾಯ, ನಿಂಗೆ ಬರಕೆ ಎಂತ ಆಗಿತ್ತು?"